ಮಾಸ್ತರರ ಕುಡಕ್ ಕೋಳಿ

“ಅಯ್ಯಮ್ಮ, ಕಣ್ಣೀರು ಒರಸ್ಕೊ! ನೀ ಕಕ್ಕೇರಾಕ್ಕ ಹೋಗಿ ಬರೂದ್ರಾಗ ಈ ತತ್ತಿ ಎಲ್ಲಾ ಕಾವಿಗೆ ಇಟ್ಟಿರ್ತೀನಿ. ಮರಿ ಮಾಡಿಸೇ ತೀರ್ತೀನಿ. ಇದು ಭಗವಂತರಾಯನ ಮಾತು!”

ಶಹಾಪುರದ ಹೈಸ್ಕೂಲಿನ ಕನ್ನಡ ಮಾಸ್ತರರು ಹೀಗೆ ಎದೆ ತಟ್ಟಿಕೊಂಡಾಗ ಹೆಂಡತಿ ಅಯ್ಯಮ್ಮ ಅವರನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. ಇದೇ ಎದೆ ತಟ್ಟಿಕೊಂಡು ಮಾಸ್ತರರು ಹಿಂದೊಮ್ಮೆ ಮನೆಯ ನಳ ರಿಪೇರಿ ಮಾಡಿದ್ದರು. ಅಂದಿನಿಂದ ಬಚ್ಚಲ ಮನೆಯ ಲೈಟು ಹತ್ತುತ್ತಿಲ್ಲ!

“ಇದು ನಳ ಅಲ್ರಿ. ನಮ್ಮವ್ವನ ಕೋಳಿ ತತ್ತಿ.”

ಅಯ್ಯಮ್ಮನ ತಾಯಿ ತೀರಿಕೊಂಡ ಮೇಲೆ ತವರಿನಿಂದ ಬಂದದ್ದು ಬಂಗಾರವಲ್ಲ, ಸೀರೆಯಲ್ಲ, ಒಂದು ಕೆಂಪು ಕೋಳಿ. ಅದನ್ನು ಓಣಿಯ ನಾಯಿ ನಿನ್ನೆ ಎತ್ತಿಕೊಂಡು ಹೋಗಿತ್ತು. ಉಳಿದದ್ದು ಬುಟ್ಟಿಯಲ್ಲಿದ್ದ ಅದರ ತತ್ತಿಗಳು ಮಾತ್ರ. ಅವು ಕೆಟ್ಟರೆ ಅವ್ವನ ಕೋಳಿಯ ಸಂತಾನ ಅಲ್ಲಿಗೇ ಮುಗಿಯಿತು. ಅಯ್ಯಮ್ಮನಿಗೆ ನಿಜವಾಗಿ ದುಃಖವಾಗಿತ್ತು. ಆದರೆ ಕಕ್ಕೇರಾದಲ್ಲಿ ಅಣ್ಣನ ಮೊಮ್ಮಗನ ತೊಟ್ಟಿಲ ಕಾರ್ಯ, ಬಿಡುವಂತಿರಲಿಲ್ಲ. ಬುಟ್ಟಿಯನ್ನು ಗಂಡನ ಕೈಗಿತ್ತು, ಹತ್ತು ಸಲ ತಿರುಗಿ ನೋಡುತ್ತ ಬಸ್ಸು ಹತ್ತಿದಳು.

ಮಾಸ್ತರರು ಕೂಡಲೇ ಕಾರ್ಯಕ್ಕಿಳಿದರು. ಮನೆಯಲ್ಲಿ ಸಂತೆಯಿಂದ ತಂದ ಬಿಳಿ ಕೋಳಿಯೊಂದಿತ್ತು. ಅದನ್ನು ಹಿಡಿದು ತಂದು ತತ್ತಿಗಳ ಮೇಲೆ ಕೂಡಿಸಿದರು. ಅದು ಎದ್ದಿತು. ಮತ್ತೆ ಕೂಡಿಸಿದರು. ಮತ್ತೆ ಎದ್ದಿತು. “ತಾಯ್ತನ ಅಂದ್ರೇನು ಗೊತ್ತೇನು ನಿನಗ?” ಎಂದು ಮಾಸ್ತರರು ಅದಕ್ಕೆ ಒಂದು ಪೂರ್ತಿ ಪೀರಿಯಡ್ ಪಾಠ ಮಾಡಿದರು. ಕೋಳಿ ಹತ್ತನೇ ಇಯತ್ತೆಯ ಕೊನೆಯ ಬೆಂಚಿನವರ ಹಾಗೆ ಎಲ್ಲಾ ಕೇಳಿಸಿಕೊಂಡು, ಹಿಕ್ಕೆ ಹಾಕಿ, ಹೊರಗೆ ಹೋಯಿತು.

ಇದನ್ನೆಲ್ಲ ಪಕ್ಕದ ಮನೆಯ ಅಖ್ತರಬೇಗಂ ಗೋಡೆಯ ಆಚೆಯಿಂದ ನೋಡುತ್ತಿದ್ದರು. ಓಣಿಗೆಲ್ಲ ಕೋಳಿ ವಿಷಯದಲ್ಲಿ ಅವರದೇ ಕೊನೆಯ ಮಾತು, ಮತ್ತು ಆ ಮಾತು ಬಸ್‌ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು.

“ಸರ್, ಯಾವ ಕೋಳಿ ಬೇಕಾದ್ರೂ ಹಂಗ ಕುಂಡ್ರಂಗಿಲ್ರಿ! ಕುಡಕ್ ಕೋಳಿ ಬೇಕು.”

“ಕುಡಕ... ಕೋಳಿ?”

“ಹೌದ್ರಿ. ನಮ್ಮ ಕರಿ ಕೋಳಿ ನೋಡ್ರಿ, ಕುಡಕ್ ಆಗಿ ಕುಂತದ. ಕುಂತಲ್ಲಿಂದ ಏಳಂಗಿಲ್ಲ. ಕೈ ಹಚ್ಚಿದ್ರ ಗುರ್ ಅಂತದ. ಕೂಳು ನೀರಿನ ಖಬರಿಲ್ಲ. ಬೇಕಾದ್ರ ಅದನ್ನೇ ಒಯ್ರಿ.”

ಮಾಸ್ತರರಿಗೆ ದಿಗಿಲಾಯಿತು. ಅಖ್ತರಬೇಗಂ ಮನೆಯಲ್ಲಿ ಬೀಡಿ ಸೇದುವವರು ಸಹ ಇಲ್ಲ. ಅಂಥ ಮರ್ಯಾದಸ್ಥರ ಕೋಳಿಗೆ ಇಂಥ ಚಟವೇ! “ಬ್ಯಾಡ್ರಿ ಬ್ಯಾಡ್ರಿ, ನಮ್ಮದನ್ನೇ ತಯಾರ ಮಾಡ್ತೀನಿ,” ಎಂದು ಒಳಗೆ ಬಂದು ಕುಳಿತರು. ಆ ಮಾತಿನ ಅರ್ಥ ಕೇಳಬಹುದಿತ್ತಲ್ಲ ಅನ್ನುತ್ತೀರಾ? ಕನ್ನಡ ಮಾಸ್ತರರು ಗೋಡೆಯ ಮೇಲೆ ಬಾಗಿ ಶಬ್ದದ ಅರ್ಥ ಕೇಳುವುದೇ? ಛೆ! ‘ಕುಡಿ’ ಧಾತು, ಅದಕ್ಕೊಂದು ಪ್ರತ್ಯಯ, ಕುಡುಕ! ಬೇಗಂ ಉಕಾರ ನುಂಗಿದ್ದಾರೆ, ಅಷ್ಟೆ. ಯೋಚಿಸಿದಷ್ಟೂ ವಿಷಯ ಸರಿಯೆನಿಸಿತು. ಕುಡಿದವನು ಕುಂತಲ್ಲಿಂದ ಏಳುವುದಿಲ್ಲ. ಮುಟ್ಟಿದರೆ ಗುರ್ ಅನ್ನುತ್ತಾನೆ. ಊಟದ ಖಬರಿರುವುದಿಲ್ಲ. ಕಾವಿಗೆ ಕೂಡಲು ಇದಕ್ಕಿಂತ ಹೆಚ್ಚಿನ ಅರ್ಹತೆ ಯಾವ ಕೋಳಿಗೆ ಬೇಕು?

ತೊಡಕು ಒಂದೇ. ಭಗವಂತರಾಯರು ಓಣಿಯ ಮದ್ಯವಿರೋಧಿ ಸಂಘದ ಕಾರ್ಯದರ್ಶಿ! ಶಹಾಪುರದ ವೈನ್‌ಶಾಪಿನವರೆಲ್ಲ ಅವರನ್ನು ಕಂಡರೆ ಶಟರ್ ಎಳೆಯುತ್ತಿದ್ದರು. ಆದರೆ ಹೆಂಡತಿಗೆ ಕೊಟ್ಟ ಮಾತು? ಮಾಸ್ತರರು ತಲೆಗೆ ಟವೆಲ್ ಸುತ್ತಿ, ಗುರುತು ಹಿಡಿಯುವವರಿಲ್ಲದ ಸುರಪುರದ ಬಸ್ಸು ಹತ್ತಿದರು.

ಅಲ್ಲಿಯ ವೈನ್‌ಶಾಪಿನ ಮುಂದೆ, ಮೂಗಿನವರೆಗೆ ಟವೆಲ್ ಇಳಿಸಿಕೊಂಡು, “ಒಂದು... ಸಣ್ಣದು ಕೊಡ್ರಿ,” ಎಂದರು. ಪಕ್ಕದಲ್ಲಿ ಇನ್ನೊಂದು ಟವೆಲ್ ಸುತ್ತಿದ ತಲೆ ತಿರುಗಿತು. ಎರಡೂ ಟವೆಲ್‌ಗಳು ಏಕಕಾಲಕ್ಕೆ ಜಾರಿದವು. ಅದು ಬಸಲಿಂಗ, ಅದೇ ಮದ್ಯವಿರೋಧಿ ಸಂಘದ ಖಜಾಂಚಿ!

“ಸರ್, ನೀವು! ಇಲ್ಲಿ!”

“ನೀ ಏನ್ ಮಾಡಾಕತ್ತಿ ಇಲ್ಲಿ?”

“ನಾನೇನ್ರಿ... ನೀರಿನ ಬಾಟ್ಲಿ ತಗೊಳ್ಳಾಕ ಬಂದಿದ್ದೆ. ನೀವು?”

“ಕೋಳಿ ಸಲುವಾಗಿ ಬಂದೀನಪ್ಪ.”

“ಅದು ಖರೇನ್ರಿ. ಕೋಳಿ ಅಂದ ಮ್ಯಾಲ ಇದೂ ಇರಬೇಕಾಗ್ತದ.”

“ಏ, ತಿನ್ನಾಕ ಅಲ್ಲೋ! ಕೋಳಿಗೆ ಕುಡಸಾಕ!”

ಬಸಲಿಂಗ ಅವರನ್ನು ಕರುಣೆಯಿಂದ ನೋಡಿದ. “ಮುಚ್ಚಳಾನೇ ತೆಗದಿಲ್ಲ, ಆಗಲೇ ಹಿಂಗ ಮಾತಾಡಾಕತ್ತೀರಲ್ಲ ಸರ್!” ಎಂದು, ನೀರಿನ ಬಾಟ್ಲಿಯನ್ನೂ ಮರೆತು ಶಹಾಪುರದ ಬಸ್ಸಿಗೆ ಓಡಿದ. ಮಾಸ್ತರರಿಗಿಂತ ಮೊದಲೇ ಸುದ್ದಿ ಊರು ಮುಟ್ಟಿತು.

ಮಾಸ್ತರರು ಮನೆಗೆ ಬಂದವರೇ ಬಾಗಿಲು ಹಾಕಿ, ಬಾಟ್ಲಿಯಲ್ಲಿದ್ದುದರಲ್ಲಿ ಜೋಳ ನೆನೆಸಿ ಬಿಳಿ ಕೋಳಿಯ ಮುಂದೆ ಸುರಿದರು. ಕೋಳಿ ಒಂದು ಕಾಳು ತಿಂದಿತು, ಆಲೋಚಿಸಿತು, ಆಮೇಲೆ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಅಡ್ಡಡ್ಡ ನಡೆಯತೊಡಗಿತು. ಹೆಣ್ಣು ಕೋಳಿ ಎಂಬುದನ್ನು ಮರೆತು ಗೋಡೆಯೇರಿ ಕೂಗಲು ನೋಡಿತು. ಮಾಸ್ತರರ ಚಪ್ಪಲಿಯೊಡನೆ ಜಗಳ ತೆಗೆಯಿತು. ಕೊನೆಗೆ ಓಣಿಗೆ ಹಾರಿ, ಕೆಂಪು ಕೋಳಿಯನ್ನು ತಿಂದಿದ್ದ ಅದೇ ನಾಯಿಯನ್ನು ಹನುಮಪ್ಪನ ಗುಡಿಯವರೆಗೆ ಅಟ್ಟಿಸಿಕೊಂಡು ಹೋಯಿತು! ನಾಯಿ ಬಾಲ ಮುದುರಿ ಓಡಿತು. ಹಿಂದೆ ಕೋಳಿ. ಕೋಳಿಯ ಹಿಂದೆ “ಸಾಕು ಬಾ ತಾಯಿ, ಮರ್ಯಾದಿ ಹೋಗ್ತದ!” ಎಂದು ಬಾಟ್ಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಓಡುತ್ತಿದ್ದ ಸಂಘದ ಕಾರ್ಯದರ್ಶಿ. ಓಣಿಯೆಲ್ಲ ಹೊರಗೆ ಬಂದು ನೋಡಿತು.

ಆದರೇನು, ತಂದು ಬುಟ್ಟಿಯಲ್ಲಿ ಬಿಟ್ಟ ಕೂಡಲೇ ಕೋಳಿ ತತ್ತಿಗಳ ಮೇಲೆ ದೊಪ್ಪನೆ ಕುಸಿಯಿತು, ರೆಕ್ಕೆ ಚೆಲ್ಲಿ ನಿದ್ದೆ ಹೋಯಿತು. ಮಾಸ್ತರರು ಫೋಟೊ ತೆಗೆದು ಕಕ್ಕೇರಾಕ್ಕೆ ಕಳಿಸಿದರು: ‘ಕುಂತದ!’

ಅಯ್ಯಮ್ಮ ಸಂತೋಷಕ್ಕೆ ಬೆಳಗಿನ ಮೊದಲ ಬಸ್ಸಿಗೇ ಬಂದುಬಿಟ್ಟಳು. ಬಂದಾಗ ಬಿಳಿ ಕೋಳಿ ಆಗತಾನೆ ಎದ್ದು, ತಲೆ ಗೋಡೆಗೆ ಆನಿಸಿ ನಿಂತಿತ್ತು. ಮನೆಯೆಲ್ಲ ಗಮಗಮ. ಕಿಟಕಿಯಲ್ಲಿ ಬಾಟ್ಲಿ.

“ಏನ್ರಿ ಇದು? ನಾ ಅತ್ಲಾಗ ಹೋಗೂದೇ ತಡ, ನೀವು ಕುಡದೀರಿ?”

“ನಾ ಕುಡದಿಲ್ಲ! ಕೋಳಿ ಕುಡದದ!”

“ಬಾಟ್ಲಿ ಕೋಳಿ ತಂತೇನು?”

“ನಾನೇ ತಂದೆ. ಆದ್ರ ಕುಡಸೀನಿ ಅಷ್ಟೇ!”

“ಅಯ್ಯೋ ನನ್ನ ನಸೀಬ! ಜೋಡಿಗೆ ಯಾರೂ ಸಿಗಲಿಲ್ಲಂತ ಕೋಳಿ ಜೋಡಿ ಕುಂತೀರೇನು?”

ಗದ್ದಲ ಕೇಳಿ ಅಖ್ತರಬೇಗಂ ಓಡಿಬಂದರು. ಮಾಸ್ತರರು ಧಾತು ಪ್ರತ್ಯಯ ಸಮೇತ ತಮ್ಮ ಸಮರ್ಥನೆ ಮಂಡಿಸಿದರು. ಕೇಳುತ್ತ ಕೇಳುತ್ತ ಬೇಗಂ ಗೋಡೆ ಹಿಡಿದು ಕೆಳಗೆ ಕುಳಿತರು, ನಗು ತಡೆಯಲಾಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಯಾ ಅಲ್ಲಾ! ಸರ್, ಕುಡಕ್ ಅಂದ್ರ ಕುಡಿಯೂದಲ್ರಿ! ಕೋಳಿ ಕಾವಿಗೆ ಬಂದ್ರ ನಮ್ಮ ಮಾತಿನ್ಯಾಗ ಅದಕ್ಕ ಕುಡಕ್ ಆಗ್ಯದ ಅಂತೀವಿ!”

ಅಯ್ಯಮ್ಮನಿಗೂ ನಗು ಬಂತು. ಆದರೆ ಬುಟ್ಟಿ ಮುಟ್ಟಿದವಳೇ ಗಾಬರಿಯಾದಳು. ಬಿಳಿ ಕೋಳಿ ಕುಡಿದ ಅಮಲಿನಲ್ಲಿ ಇಡೀ ರಾತ್ರಿ ಮಲಗಿತ್ತಲ್ಲ, ತತ್ತಿಗಳು ಬೆಚ್ಚಗಿದ್ದವು. ಹೊರಗೆ ಮೈ ಕೊರೆಯುವ ಚಳಿ.

“ಕಾವು ಹತ್ಯದ. ಈಗ ಆರಿದ್ರ ಕೆಡ್ತಾವ ಅಯ್ಯಮ್ಮಕ್ಕ,” ಎಂದರು ಬೇಗಂ. “ನಮ್ಮ ಕರಿ ಕೋಳಿ ತರ್ತೀನಿ. ಆದ್ರ ಹಗಲಿನ್ಯಾಗ ಜಾಗ ಬದಲಿ ಮಾಡಿದ್ರ ಅದು ಕುಂಡ್ರಂಗಿಲ್ಲ. ಹೊತ್ತು ಮುಣಗಿದ ಮ್ಯಾಲ ತರಬೇಕು. ಅಲ್ಲಿತನ ಯಾರರೆ ಬೆಚ್ಚಗ ಹಿಡಕೊಂಡು ಕುಂಡರ್ರಿ.”

ಹೆಂಗಸರಿಬ್ಬರೂ ಒಟ್ಟಿಗೆ ಮಾಸ್ತರರ ಕಡೆ ತಿರುಗಿದರು.

ಹೀಗಾಗಿ ಭಗವಂತರಾಯರು ಪಡಸಾಲೆಯ ಮೂಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತರು. ಮಡಿಲಲ್ಲಿ ತತ್ತಿಗಳು, ಕೊರಳವರೆಗೆ ಅಪ್ಪನ ಕಾಲದ ಕರಿ ಕಂಬಳಿ. ನೊಣ ಮೂಗಿನ ಮೇಲೆ ಕುಳಿತರೂ ಅಲುಗಲಿಲ್ಲ. ಅಯ್ಯಮ್ಮ ಬಾಯಿಗೆ ರೊಟ್ಟಿ ತಂದಾಗ, “ದೂರ ನಿಂದ್ರು, ಗಾಳಿ ಬರ್ತದ!” ಎಂದು ಗದರಿದರು.

ಮಧ್ಯಾಹ್ನ ಬಾಗಿಲಲ್ಲಿ ಮದ್ಯವಿರೋಧಿ ಸಂಘ ಪ್ರತ್ಯಕ್ಷವಾಯಿತು. ಮುಂದೆ ಅಧ್ಯಕ್ಷ ಮಹಾದೇವಪ್ಪನವರು, ಹಿಂದೆ ಗಂಭೀರ ಮುಖದ ಬಸಲಿಂಗ.

“ಭಗವಂತರಾಯ್ರ, ಊರೆಲ್ಲಾ ಏನೇನೋ ಅನ್ನಾಕತ್ಯದ. ನಾನಂತೂ ನಂಬಿಲ್ಲ. ಎದ್ದು ನಾಲ್ಕು ಹೆಜ್ಜಿ ನೆಟ್ಟಗ ನಡದು ತೋರಸ್ರಿ, ಮಾತು ಮುಗೀತು.”

ನಾಲ್ಕು ಹೆಜ್ಜೆ! ನಡೆದರೆ ಮರ್ಯಾದೆ ಉಳಿಯುತ್ತದೆ. ಎದ್ದರೆ ತತ್ತಿ ಉರುಳುತ್ತವೆ. ಮಾಸ್ತರರು ಬೆವೆತರು. ಅಡುಗೆಮನೆಯ ಬಾಗಿಲಲ್ಲಿ ಅಯ್ಯಮ್ಮ ಉಸಿರು ಬಿಗಿಹಿಡಿದು ನಿಂತಿದ್ದಳು.

“ಏಳಂಗಿಲ್ರಿ,” ಎಂದರು ಮಾಸ್ತರರು.

“ಏಳಾಕ ಆಗಂಗಿಲ್ಲೇನ್ರಿ?” ಎಂದು ಬಸಲಿಂಗ ಹತ್ತಿರ ಬಂದು ಕಂಬಳಿಗೆ ಕೈ ಹಾಕಿದ.

“ಗುರ್ರ್!” ಎಂದರು ಮಾಸ್ತರರು.

ಮದುವೆಯಾದಾಗಿನಿಂದ ಅಯ್ಯಮ್ಮನಿಗೆ ಗಂಡನ ಮೇಲೆ ಇಷ್ಟು ಅಭಿಮಾನ ಎಂದೂ ಉಕ್ಕಿರಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಮುಂದೆ ಬಂದು, ಸಂಘದವರಿಗೆಲ್ಲ ಕೇಳುವಂತೆ ಹೇಳಿದಳು:

“ಯಾರೂ ಅವರನ್ನ ಮುಟ್ಟಬ್ಯಾಡ್ರಿ ಅಣ್ಣಾರ! ಹೊತ್ತು ಮುಣಗೂತನ ಏಳಂಗಿಲ್ಲ. ನಮ್ಮ ಮನಿಯವ್ರು ಕುಡಕ್ ಆಗ್ಯಾರ!”