ವೆನಾನ್ಸಿಯೊ ಬಾರಿನ ಸರದಿ ಚೀಟಿ ಯಂತ್ರದ ಸನ್ನಿಧಾನಕ್ಕೆ

ಮಾನ್ಯ ಚೀಟಿ ಯಂತ್ರದವರೇ,

ಇಪನೇಮಾ ಕಡಲತೀರದ ಉಪ್ಪುಗಾಳಿಗೆ ತಮ್ಮ ತಿರುಪುಗಳು ತುಕ್ಕು ಹಿಡಿಯದಿರಲಿ, ತಮ್ಮ ಗಾಜಿನ ಮುಖದ ಮೇಲೆ ಎಣ್ಣೆಗೈಗಳು ಹೆಚ್ಚು ಆಡದಿರಲಿ ಎಂದು ಹಾರೈಸುತ್ತಾ, ಇದೇ ಪತ್ರಿಕೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ‘ಎಲ್ಲಿ ತಿನ್ನೋಣ, ಎಲ್ಲಿ ಕುಡಿಯೋಣ’ ಎಂಬ ಅಂಕಣ ಬರೆದು ರಿಯೊ ನಗರದ ಹೊಟ್ಟೆಗೆ ದಾರಿ ತೋರಿಸುತ್ತಾ ಬಂದಿರುವ ನಾನು, ಈ ಸಲ ಯಾರಿಗೂ ದಾರಿ ತೋರಿಸುವ ಸ್ಥಿತಿಯಲ್ಲಿಲ್ಲದೆ ತಮ್ಮ ಮುಂದೆ ಕೈಕಟ್ಟಿ ನಿಂತು ಈ ದೂರನ್ನು ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ತಾವು ವೆನಾನ್ಸಿಯೊ ಅವರ ಬಾರಿನ ಬಾಗಿಲಲ್ಲಿ ಅಧಿಕಾರ ವಹಿಸಿಕೊಂಡು ಮೂರು ತಿಂಗಳಾಯಿತು. ಅದಕ್ಕೆ ಮುಂಚೆ ಅಲ್ಲಿ ಬಾಗಿಲೇ ಇರಲಿಲ್ಲ. ಬೆಳಗ್ಗೆ ಎತ್ತಿದ ಶಟರು, ಅಮೃತಶಿಲೆಯ ಒಂದು ಕಟ್ಟೆ, ಅದರ ಹಿಂದೆ ನೊರೆಯುಕ್ಕುವ ಬಿಯರಿನ ನಲ್ಲಿ, ಗಾಜಿನ ಪೆಟ್ಟಿಗೆಯಲ್ಲಿ ಬಿಸಿ ಮೀನಿನ ಬೋಂಡ, ಪುಟ್ಟ ಲೋಟಗಳಲ್ಲಿ ಕರಿ ಬೀನ್ಸಿನ ಸಾರು, ಇಷ್ಟೇ ಇದ್ದದ್ದು. ಈಗ ಬಂದವರೆಲ್ಲರ ಹೆಸರು, ಫೋನ್ ನಂಬರು, ಜೊತೆಗೆ ಎಷ್ಟು ಜನ ಎಂಬುದನ್ನು ತಾವು ವಿಚಾರಿಸಿ, ಚೀಟಿ ಹರಿದುಕೊಟ್ಟು, ಸರದಿ ಬಂದಾಗ ಮಧುರ ಕಂಠದಲ್ಲಿ ಕರೆಯುತ್ತೀರಿ. ತಮ್ಮಷ್ಟು ಸಮಚಿತ್ತದ ಅಧಿಕಾರಿಯನ್ನು ನಾನು ಈ ನಗರದ ಯಾವ ಕಚೇರಿಯಲ್ಲೂ ಕಂಡಿಲ್ಲ.

ತಮ್ಮ ನೇಮಕಾತಿಗೆ ಕಾರಣನಾದವನು ನಾನೇ ಎಂಬುದನ್ನು ತಾವು ತಿಳಿದಿರಲಾರಿರಿ. ಹತ್ತೊಂಬತ್ತು ವರ್ಷ ನಾನು ಕಡಲಿಗೆ ಮುಖ ಮಾಡಿದ ಹೋಟೆಲುಗಳಲ್ಲಿ, ಅಗಲವಾದ ತಟ್ಟೆಯ ನಡುವೆ ಅಂಗಿಯ ಗುಂಡಿಯಷ್ಟು ಮೀನಿಟ್ಟು ಪಕ್ಕದಲ್ಲಿ ಹೂವಿನೆಸಳು ಉದುರಿಸುವವರನ್ನು ಕಲಾವಿದರೆಂದು ಹೊಗಳಿ, ಹೊಗಳಿದ ಹೊಟ್ಟೆ ಹಸಿದು ವೆನಾನ್ಸಿಯೊ ಕಟ್ಟೆಗೆ ಓಡಿಬಂದು ಬೋಂಡ ತಿಂದವನು. ಆ ಕಟ್ಟೆಯ ಬಗ್ಗೆ ಮಾತ್ರ ಒಂದಕ್ಷರವೂ ಬರೆದಿರಲಿಲ್ಲ. ಒಂದು ವಾರ, ನಾನು ಹೊಗಳಬೇಕಿದ್ದ ಹೋಟೆಲು ರಿಪೇರಿಗೆಂದು ಮುಚ್ಚಿತ್ತು. ಸಂಪಾದಕರು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ನಲವತ್ತು ನಿಮಿಷದಲ್ಲಿ ವೆನಾನ್ಸಿಯೊ ಬಗ್ಗೆ ಬರೆದು ಕಳಿಸಿಬಿಟ್ಟೆ. ನನ್ನ ಅಂಕಣದಲ್ಲಿ ನಿಜ ಬರೆದದ್ದು ಅದೊಂದೇ ಸಲ, ಜನ ನಂಬಿದ್ದೂ ಅದನ್ನೊಂದನ್ನೇ.

ಮುಂದಿನ ಶನಿವಾರವೇ ಊರಿಗೆ ಊರೇ ಬಂತು. ನಾನು ಬರೆದದ್ದನ್ನು ಫೋನಿನಲ್ಲಿ ತೆರೆದು ಹಿಡಿದುಕೊಂಡಿದ್ದ ಒಬ್ಬ ಹುಡುಗಿ ನನ್ನ ಭುಜ ತಟ್ಟಿ, “ಅಂಕಲ್, ಬೋಂಡಕ್ಕೆ ನಿಂಬೆಹಣ್ಣು ಹಿಂಡ್ಬಾರ್ದು, ಸಾರಿಗೆ ಹಿಂಡ್ಬೇಕು. ಗೊತ್ತಿರೋರು ಬರೆದಿದ್ದಾರೆ, ಓದ್ಕೊಂಡು ಬನ್ನಿ” ಎಂದು ಬುದ್ಧಿ ಹೇಳಿದಾಗ, ಆ ಗೊತ್ತಿರುವವನಾದ ನಾನೇ, ಹಿಂಡಿದ ನಿಂಬೆಹಣ್ಣನ್ನು ಕಿಸೆಗೆ ಹಾಕಿಕೊಂಡೆ. ಅರವತ್ತು ದಾಟಿದ ಪರಿಚಾರಕ ಜೆನಿವಾಲ್ ಬಳಿ ನನ್ನ ಕಷ್ಟ ತೋಡಿಕೊಳ್ಳಲು ಹೋದರೆ, ಅವನು ಕೈತುಂಬ ಲೋಟ ಹಿಡಿದುಕೊಂಡೇ, “ನನ್ನ ಮುಖ ಏನ್ ನೋಡ್ತೀರಾ? ಕೂತು ಬರೆದೋರು ನೀವು, ಓಡಾಡಿ ಸಾಯ್ತಿರೋನು ನಾನು” ಎಂದು ಹೇಳಿ ಹೊರಟೇಹೋದ. ಅದಾಗಿ ತಿಂಗಳೊಳಗೆ ತಾವು ಬಂದಿರಿ.

ಇಷ್ಟಕ್ಕೇ ನಾನು ತಮಗೆ ತೊಂದರೆ ಕೊಡುತ್ತಿರಲಿಲ್ಲ. ನನ್ನ ದೂರು ಅಡ್ಮಿರಲ್ ಅವರನ್ನು ಕುರಿತದ್ದು.

ಮೂವತ್ತೊಂದು ವರ್ಷಗಳಿಂದ ಪ್ರತಿ ಶುಕ್ರವಾರ ಮಧ್ಯಾಹ್ನ ಆ ಕಟ್ಟೆಯ ಎಡತುದಿಯಲ್ಲಿ ನನ್ನ ಪಕ್ಕ ನಿಲ್ಲುತ್ತಿದ್ದವರು ಅವರು. ನೌಕಾದಳದವರಂತೆ ಬಿಳಿ ಪ್ಯಾಂಟು ಹಾಕುತ್ತಿದ್ದುದರಿಂದ ಕಟ್ಟೆಯವರಿಗೆ ಅವರು ಅಡ್ಮಿರಲ್. ಹಡಗು ಹತ್ತಿದ್ದರೋ ಇಲ್ಲವೋ ನಾನು ಕೇಳಲಿಲ್ಲ. ನಾನು ‘ಮೀಸೆ’, ಅದನ್ನು ಬೋಳಿಸಿ ಎಷ್ಟೋ ಕಾಲವಾದರೂ ಕಟ್ಟೆಯವರ ಪಾಲಿಗೆ ಮೀಸೆಯೇ. ಫುಟ್‌ಬಾಲಿನ ವಿಷಯಕ್ಕೆ ನಾವು ಆಡದ ಜಗಳವಿಲ್ಲ. ನನ್ನ ಹೆಂಡತಿ ತೀರಿಕೊಂಡ ವಾರ ಅವರು ತಮ್ಮ ಪಾಲಿನ ಬೋಂಡವನ್ನು ನನ್ನ ತಟ್ಟೆಗೆ ಹಾಕಿ, “ತಿನ್ನಯ್ಯಾ ಮೀಸೆ, ಆರಿಹೋಗತ್ತೆ” ಅಂದಿದ್ದರು. ಪ್ರತಿ ಶುಕ್ರವಾರ ಬೀಳ್ಕೊಡುವಾಗ ಅವರು “ಒಂದಿನ ಮನೆ ಕಡೆ ಬಾರಯ್ಯಾ” ಎನ್ನುವುದು, ನಾನು “ಬರದೇ ಇರ್ತೀನಾ, ನೀವೂ ಬನ್ನಿ” ಎನ್ನುವುದು. ನಮ್ಮ ಊರಿನಲ್ಲಿ ಹಾಗೆ ಕರೆಯುವುದು ಮರ್ಯಾದೆ; ಮನೆ ಎಲ್ಲಿ ಎಂದು ತಿರುಗಿ ಕೇಳುವುದು ಮರ್ಯಾದೆಗೇಡು. ಆದ್ದರಿಂದ ನಾನು ಮೂವತ್ತೊಂದು ವರ್ಷ ಮರ್ಯಾದೆಯಿಂದಲೇ ನಡೆದುಕೊಂಡೆ.

ತಾವು ಅಧಿಕಾರಕ್ಕೆ ಬಂದ ಮೊದಲ ಶುಕ್ರವಾರ, ತಾವು ಹೆಸರು ಕೇಳಿದಾಗ, ಪತ್ರಿಕೆಯಲ್ಲಿ ಅಚ್ಚಾಗುವ ಪೂರ್ತಿ ಹೆಸರನ್ನೇ ಒತ್ತಿದೆ. ಗುರುತು ಹಿಡಿದು ತಲೆಬಾಗುತ್ತೀರೇನೋ ಎಂಬ ಆಸೆ. ತಾವು ನನ್ನನ್ನು ತಿರುವಿನಾಚೆ, ಬಾದಾಮಿ ಮರದ ಹಿಂದಿನ ಪ್ಲಾಸ್ಟಿಕ್ ಮೇಜಿಗೆ ಕಳಿಸಿದಿರಿ. ನಾನು ಅಲ್ಲಿ ಮುಖ ಊದಿಸಿಕೊಂಡು ಕೂತಿದ್ದ ಹೊತ್ತಿನಲ್ಲೇ ಅಡ್ಮಿರಲ್ ಬಂದದ್ದು. ಮರುದಿನ ಜೆನಿವಾಲ್ ಹೇಳಿದ: “ಬಂದಿದ್ರು ಕಣ್ರೀ. ಆ ಡಬ್ಬದ ಮುಂದೆ ಟೋಪಿ ತೆಗೆದು, ‘ಮೀಸೆ ಒಳಗಿದಾನೇನಮ್ಮಾ?’ ಅಂತ ಕೇಳಿದ್ರು. ಆ ಹೆಸರಿನೋರು ಯಾರೂ ಇಲ್ಲ ಅಂತು ಅದು. ನಿಮ್ಮ ಫೋನ್ ನಂಬರ್ ಹೇಳಿ ಅಂತು. ‘ಫೋನ್ ಇಲ್ಲಮ್ಮಾ, ಇರ್ಲಿ ಬಿಡು’ ಅಂದ್ರು. ನಾನು ಕೈಲಿದ್ದ ಲೋಟ ಕೆಳಗಿಡೋ ಅಷ್ಟ್ರಲ್ಲಿ ಹೊರಟೇಹೋಗಿದ್ರು.”

ಹನ್ನೆರಡು ಶುಕ್ರವಾರಗಳು ಕಳೆದವು; ಅಡ್ಮಿರಲ್ ಮತ್ತೆ ಬರಲಿಲ್ಲ. ಬಾರಿನ ಒಡೆಯ ವೆನಾನ್ಸಿಯೊ ಅವರಿಗೂ ಅಡ್ಮಿರಲ್ ಅವರ ನಿಜವಾದ ಹೆಸರು ಗೊತ್ತಿಲ್ಲ. ಬಿಳಿ ಪ್ಯಾಂಟಿನ ಮುದುಕರನ್ನು ಹುಡುಕಿಕೊಂಡು ಈ ಬಡಾವಣೆಯಲ್ಲಿ ಅಲೆದರೆ ಎಷ್ಟು ಮಂದಿ ಸಿಗುತ್ತಾರೆಂಬುದನ್ನು ನಾನು ಅಲೆದೇ ತಿಳಿದುಕೊಂಡೆ. ಅವರಲ್ಲಿ ಒಬ್ಬರು ಪೊಲೀಸರನ್ನು ಕರೆಯುತ್ತೇನೆಂದರು. ಕೊನೆಕೊನೆಗೆ ಅಡ್ಮಿರಲ್ ಅವರಿಗೆ ಮಾತಿನ ನಡುವೆ ಏದುಸಿರು ಬರುತ್ತಿತ್ತು. ಅದು ಏಕೆಂದೂ ನಾನು ವಿಚಾರಿಸಿರಲಿಲ್ಲ. ನನಗೆ ಭಯವಾಗುತ್ತಿದೆ, ಯಂತ್ರದವರೇ.

ತಮ್ಮನ್ನು ದೂರಲೆಂದು ಕೂತವನಿಗೆ ಬರೆಯುತ್ತಾ ಬರೆಯುತ್ತಾ ನಾಚಿಕೆಯಾಗುತ್ತಿದೆ. ಹೆಸರೇನು, ಸಂಪರ್ಕ ಹೇಗೆ, ಜೊತೆಗೆ ಯಾರಿದ್ದಾರೆ ಎಂದು ತಾವು ಅಪರಿಚಿತರನ್ನೆಲ್ಲ ಅರ್ಧ ನಿಮಿಷದಲ್ಲಿ ಕೇಳುವುದನ್ನು ನಾನು ನನ್ನ ಆಪ್ತ ಗೆಳೆಯನನ್ನು ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಬಿಳಿ ಪ್ಯಾಂಟಿನ, ಫೋನಿಲ್ಲದ ಎತ್ತರದ ಮನುಷ್ಯರೊಬ್ಬರು ಮತ್ತೆ ತಮ್ಮ ಮುಂದೆ ಟೋಪಿ ತೆಗೆದು ನಿಂತರೆ, ದಯಮಾಡಿ ಅವರಿಗೊಂದು ಕುರ್ಚಿ ಹಾಕಿಸಿ. ತಮ್ಮ ಮೈಯಲ್ಲಿ ಕೈಗಳಿಲ್ಲವೆಂದು ಬಲ್ಲೆ; ಹೊಸದಾಗಿ ಬೆಳೆಸಿಕೊಂಡು ಅವರ ತೋಳು ಹಿಡಿದುಕೊಳ್ಳಿ. ಸರದಿಯ ಚೀಟಿಯ ಬದಲು ಅವರಿಗೆ ಇದನ್ನು ಅಚ್ಚು ಹಾಕಿ ಕೊಡಿ: ಅಮೆಂಡೊಯೆರಾ ಬೀದಿ, ನಲವತ್ತೊಂದನೆಯ ನಂಬರು, ಎರಡನೆಯ ಮಹಡಿ. ಕರೆಗಂಟೆ ಕೆಟ್ಟಿದೆ, ಕೆಳಗಿನಿಂದಲೇ ಕೂಗಿ ಕರೆಯಬೇಕು. ಯಾವ ದಿನವಾದರೂ ಸರಿ. ಈ ಸಲ ಮರ್ಯಾದೆಗೆ ಹೇಳುತ್ತಿಲ್ಲ.

ತಮ್ಮ ವಿಶ್ವಾಸಿ,
ಎರ್ಮೋಜೆನಿಸ್ ಫಿಗೇರಾ
(ಕಟ್ಟೆಯಲ್ಲಿ, ಮೀಸೆ)

ತಾ.ಕ.: ಈ ಅಂಕಣವನ್ನು ನಂಬಿ ಬಾಯಾರಿಕೊಂಡು ಬೀದಿಗಿಳಿಯುವ ಓದುಗ ಮಹಾಶಯರ ಗಮನಕ್ಕೆ: ಮೇಲಿನ ವಿಳಾಸ ಬಾರಿನದ್ದಲ್ಲ. ಅಲ್ಲಿ ಇರುವುದು ಒಂದೇ ಮೇಜು, ಎರಡು ಕುರ್ಚಿ. ಅಡುಗೆ ಮಾಡುವವನು ನಾನು, ಹೊಗಳುವಂಥದ್ದೇನೂ ಇಲ್ಲ. ದಯವಿಟ್ಟು ಯಾರೂ ಬಂದು ಸಾಲು ನಿಲ್ಲಬೇಡಿ. ಎರಡನೆಯ ಕುರ್ಚಿಗೆ ಜನ ಇದ್ದಾರೆ.