ಬಸ್ಸಿಗೆ ಕಂಡವರು

ವೆಲಿಬೋರನ ಗ್ರಹಚಾರ ಕೆಟ್ಟದ್ದು ಒಂದು ಟಿವಿಯಿಂದ.

ಶನಿವಾರ ಬೆಳಿಗ್ಗೆ ಡಿಪೋಗೆ ಬಂದು, ಡ್ರೈವರಿಲ್ಲದೆ ಓಡುವ ತನ್ನ ಪುಟ್ಟ ಬಸ್ಸಿನ ಬಾಗಿಲು ತೆರೆದರೆ, ಒಳಗೆ ಮಂಚದಷ್ಟು ಅಗಲದ ಟಿವಿ ನೇತಾಡುತ್ತಿತ್ತು. ಅದರ ಒಂದು ಪಕ್ಕದಲ್ಲಿ ತೊಪೊಲ್ನಿಕ್ ಪಟ್ಟಣದ ಮೇಯರ್ ಮಿಲುತಿನ್ ಹಲ್ಲು ಕಿರಿಯುತ್ತಿದ್ದರು. ಇನ್ನೊಂದು ಪಕ್ಕದಲ್ಲಿ, ಬಸ್ಸಿನ ಕಣ್ಣಿಗೆ ಕಾಣುವುದೆಲ್ಲ ಹಸಿರು ಗೆರೆಗಳಾಗಿ ಮೂಡುತ್ತಿತ್ತು: ಗೇಟು, ಮರ, ಗೇಟಿನ ಬಳಿ ಸಿಗರೇಟು ಸೇದುತ್ತಿದ್ದ ಸಹೋದ್ಯೋಗಿ ತಿಹೋಮಿರ್.

"ಇದನ್ನ ಯಾರು ತಂದು ಹಾಕಿದ್ದು ಮೇಡಂ?"

"ಮೇಯರ್ ಸಾಹೇಬ್ರ ಭಾವಮೈದ ಗ್ವೋಜ್ದೆನ್," ಎಂದಳು ಕಂಪನಿಯ ಒಡತಿ ಝಾಗೋರ್ಕಾ. "ಬಸ್ಸಿಗೆ ಏನೇನು ಕಾಣುತ್ತೆ ಅಂತ ಜನಾನೂ ನೋಡ್ಲಿ ಅಂತ. ಚೆನ್ನಾಗಿದೆ ಅಲ್ವಾ?"

"ಯಾವ ತಂತಿಗೆ ಸಿಕ್ಕಿಸಿದಾನೆ?"

"ಕೈಗೆ ಸಿಕ್ಕಿದ್ದಕ್ಕೆ. ಅದು ಟಿವಿ ಕಣಯ್ಯಾ, ಬಾಂಬಲ್ಲ. ಮೇಯರ್ ಬರೋ ಹೊತ್ತಾಯ್ತು, ಟೈ ಸರಿ ಮಾಡ್ಕೋ."

ವೆಲಿಬೋರನಿಗೆ ಟೈಗಿಂತ ತಂತಿಯ ಚಿಂತೆ. ಆ ಬಸ್ಸಿನಲ್ಲಿ ಅವನ ಕೆಲಸ ಗಡಿಯಾರಗಳದ್ದು. ನೆತ್ತಿಯ ಮೇಲೆ ಗಿರಗಿರ ತಿರುಗುವ ಲೇಸರ್ ಕಣ್ಣು, ಮುಂದಿನ ಕ್ಯಾಮರಾ, ಸೀಟಿನ ಕೆಳಗೆ ಕೂತ ಮಿದುಳಿನ ಪೆಟ್ಟಿಗೆ, ಪ್ರತಿಯೊಂದರ ಹೊಟ್ಟೆಯಲ್ಲೂ ಒಂದೊಂದು ಗಡಿಯಾರ. ಕ್ಯಾಮರಾ "ಈಗ ಒಬ್ಬಳು ದಾಟುತ್ತಿದ್ದಾಳೆ" ಎಂದಾಗ ಲೇಸರೂ ಅದೇ "ಈಗ"ನ್ನು ಹೇಳಬೇಕು. ಇಬ್ಬರ "ಈಗ" ಬೇರೆಯಾದರೆ ಒಬ್ಬಳು ಹೆಂಗಸು ಇಬ್ಬರಾಗುತ್ತಾಳೆ. ಹಾಗಾಗದಂತೆ ನೋಡಿಕೊಳ್ಳುವುದರಲ್ಲೇ ಅವನ ಕೂದಲು ಉದುರಿತ್ತು. ಇಷ್ಟನ್ನು ಪಕ್ಕದ ಮನೆಯ ದೆಸಾಂಕಾ ಮುದುಕಿಗೆ ಒಮ್ಮೆ ಬಿಡಿಸಿ ಹೇಳಿದ್ದಕ್ಕೆ, ಆಕೆ ಮರುದಿನ ತನ್ನ ಕೆಟ್ಟ ಗೋಡೆಗಡಿಯಾರವನ್ನು ಹೊತ್ತು ತಂದು, "ನಿಧಾನಕ್ಕೆ ರಿಪೇರಿ ಮಾಡು ಮಗನೇ, ಅವಸರ ಇಲ್ಲ," ಎಂದಿದ್ದಳು.

ಟಿವಿಯ ತಂತಿಯನ್ನು ಹಿಡಿದು ಅದರ ಮೂಲ ಹುಡುಕುವಷ್ಟರಲ್ಲಿ ಬ್ಯಾಂಡಿನವರ ತುತ್ತೂರಿ ಮೊಳಗಿತು. ಮೇಯರ್ ಬಂದೇಬಿಟ್ಟರು.

ಅಂದು ಸತ್ತವರ ಶನಿವಾರ. ಊರಿನ ಹೆಂಗಸರೆಲ್ಲ ಬುಟ್ಟಿ ತುಂಬ ತಿಂಡಿ, ಮೇಣದಬತ್ತಿ ಹಿಡಿದು ಸ್ಮಶಾನಕ್ಕೆ ಹೋಗುವ ದಿನ. ಜನ ಎಲ್ಲಿ ಸೇರುತ್ತಾರೋ ಅಲ್ಲಿಗೇ ಬಸ್ಸು ಹೋಗಲಿ ಎಂದು ಮೇಯರ್ ಅದೇ ದಿನವನ್ನು ಆರಿಸಿದ್ದರು. ಡಿಪೋದಿಂದ ಸ್ಮಶಾನದ ಮುಂದೆ ಹಾದು ದಾನ್ಯೂಬ್ ನದಿಯ ದಂಡೆಯವರೆಗೆ ಮೊದಲ ಓಟ. ಮೇಯರ್, ಗ್ವೋಜ್ದೆನ್, ಝಾಗೋರ್ಕಾ ಹತ್ತಿದರು. ಬ್ರೇಕಿನ ಕೆಂಪು ಗುಂಡಿಯ ಮೇಲೆ ಕೈಯಿಟ್ಟು ತಿಹೋಮಿರ್ ಕೂತ. ಸಾರ್ವಜನಿಕರ ಪರವಾಗಿ ದೆಸಾಂಕಾ ಮುದುಕಿ, ಮಡಿಲಲ್ಲಿ ಸತ್ತ ಗಂಡನ ಹೆಸರಲ್ಲಿ ಸಕ್ಕರೆ, ಅಕ್ರೋಟು ಹಾಕಿ ಬೇಯಿಸಿದ ಗೋಧಿಯ ಬಟ್ಟಲು ಇಟ್ಟುಕೊಂಡು, ಮೊದಲ ಸೀಟನ್ನೇ ಹಿಡಿದಳು.

ಮೊದಲು ಎಲ್ಲ ಸರಿಯಾಗಿಯೇ ಇತ್ತು. ಬೇಕರಿಯ ತಿರುವಿನಲ್ಲಿ ಸೈಕಲ್ಲಿನವನೊಬ್ಬ ಅಡ್ಡ ಬಂದ. ಬಸ್ಸು ಮರ್ಯಾದೆಯಿಂದ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸೈಕಲ್ಲು ಹೋಯಿತು. ಬಸ್ಸು ಹೊರಟಿತು. ಹೊರಟದ್ದೇ, ಹಾವು ತುಳಿದಂತೆ ಗಕ್ಕನೆ ನಿಂತಿತು. ಮೇಯರರ ಹಣೆ ಕಂಬಿಗೆ ಬಡಿಯಿತು.

"ದಾರಿಯಲ್ಲಿ ಜನರಿದ್ದಾರೆ. ದಯವಿಟ್ಟು ಕಾಯಿರಿ," ಎಂದಿತು ಬಸ್ಸಿನ ಇಂಪಾದ ದನಿ.

ದಾರಿಯಲ್ಲಿ ಒಂದು ಪಾರಿವಾಳವೂ ಇರಲಿಲ್ಲ.

"ಹೊಸದಲ್ವಾ, ಸ್ವಲ್ಪ ನಾಚಿಕೆ ಸ್ವಭಾವ," ಎಂದು ಝಾಗೋರ್ಕಾ ನಕ್ಕಳು. ನಗುತ್ತಲೇ ವೆಲಿಬೋರನ ಕಾಲನ್ನು ತನ್ನ ಹಿಮ್ಮಡಿಯಿಂದ ತುಳಿದಳು. ಅವನು ಲ್ಯಾಪ್‌ಟಾಪ್ ತೆರೆದ.

ಸ್ಮಶಾನದ ಗೇಟಿನಿಂದ ಹೊರಬಂದ ಕಪ್ಪು ಬಟ್ಟೆಯ ಹೆಂಗಸರ ಹಿಂಡೊಂದು ರಸ್ತೆ ದಾಟುತ್ತಿತ್ತು. ಬಸ್ಸು ನಿಂತಿತು. ಕೊನೆಯವಳೂ ಆಚೆ ಬದಿ ಸೇರಿದಳು. ರಸ್ತೆ ಖಾಲಿ. ಬಸ್ಸು ಅಲುಗಲಿಲ್ಲ.

"ದಾರಿಯಲ್ಲಿ ಜನರಿದ್ದಾರೆ. ದಯವಿಟ್ಟು ಕಾಯಿರಿ."

ದೆಸಾಂಕಾ ಟಿವಿಯತ್ತ ಕೈ ತೋರಿಸಿದಳು. ಖಾಲಿ ರಸ್ತೆಯ ಮೇಲೆ ಹಸಿರು ಆಕಾರಗಳು ಒಂದರ ಹಿಂದೆ ಒಂದು, ಬುಟ್ಟಿ ಹಿಡಿದು, ಸ್ಮಶಾನದ ಗೇಟಿನಿಂದ ಹೊರಬಂದು ಮೆಲ್ಲಗೆ ದಾಟುತ್ತಿದ್ದವು. ಗ್ವೋಜ್ದೆನ್‌ನ ಬಾಯಲ್ಲಿದ್ದ ಚೂಯಿಂಗ್ ಗಮ್ ಗಂಟಲಿಗೆ ಇಳಿಯಿತು.

"ಎಡಗಾಲು ಎಳೀತಿದಾನೆ ನೋಡಿ," ಎಂದು ಪಿಸುಗುಟ್ಟಿದಳು ದೆಸಾಂಕಾ. ಆಮೇಲೆ ಕಿರುಚಿದಳು. "ನನ್ನ ರಾದಿವೋಯೆ! ಬಾಗಿಲು ತೆಗೀರೋ, ನನ್ನ ಗಂಡ ಹೋಗ್ತಿದಾನೆ!"

"ಚಿಕ್ಕಮ್ಮ, ಅದು ಮೇಣದಬತ್ತಿ ಮಾರೋ ಮಿಲೆವಾ," ಎಂದ ವೆಲಿಬೋರ್. "ಈಗ ತಾನೇ ದಾಟಿದ್ಲು. ಅಗೋ, ಅಲ್ಲಿ ನಿಂತಿದಾಳೆ."

"ದಾಟಿ ಆದ್ಮೇಲೆ ಇನ್ನೊಂದು ಸಲ ಯಾಕೋ ದಾಟ್ತಾಳೆ, ಅವಳಿಗೇನು ಬೇರೆ ಕೆಲಸ ಇಲ್ವಾ?"

ದೆಸಾಂಕಾ ಕೆಳಗಿಳಿದು ಓಡಿದಳು. ಸುದ್ದಿ ಅವಳಿಗಿಂತ ಮುಂದೆ ಓಡಿತು. ಬಸ್ಸಿಗೆ ಸತ್ತವರು ಕಾಣುತ್ತಾರಂತೆ! ಸ್ಮಶಾನದ ಮೂಲೆ ಮೂಲೆಯಿಂದ ಹೆಂಗಸರು ಧಾವಿಸಿ ಬಂದು ಬಸ್ಸಿಗೆ ಮುತ್ತಿಗೆ ಹಾಕಿದರು. ಹಾಗೆ ರಸ್ತೆ ದಾಟಿ ಬಂದವರೆಲ್ಲ ಸ್ವಲ್ಪ ಹೊತ್ತಿನ ಮೇಲೆ ತಮ್ಮ ತಮ್ಮ ಗಂಡಂದಿರಾಗಿ ಟಿವಿಯಲ್ಲಿ ಮೂಡುತ್ತಿದ್ದರು. ಗುರುತು ಹಿಡಿದು ಅಳುವವರು, ಗುರುತು ಹಿಡಿದು ಬೈಯುವವರು. ಯಾರೋ ಬಸ್ಸಿನ ಮೂತಿಯ ಮುಂದೆ ಮೇಣದಬತ್ತಿ ಹಚ್ಚಿಟ್ಟರು. ಬಸ್ಸಿನ ಹಿಂದೆಯೇ ನಡೆದುಬಂದಿದ್ದ ಬ್ಯಾಂಡಿನವರು ತಾವಾಗಿಯೇ ಶೋಕದ ರಾಗಕ್ಕೆ ಇಳಿದರು.

ಅಷ್ಟರಲ್ಲಿ ವೆಲಿಬೋರನಿಗೆ ಕಳ್ಳ ಸಿಕ್ಕಿದ್ದ.

"ಮೇಡಂ, ಈ ಟಿವಿದೇ ಕಿತಾಪತಿ! ಇದನ್ನ ಲೇಸರ್ ಇರೋ ತಂತಿಗೇ ಸಿಕ್ಕಿಸಿದಾನೆ. ಆ ತಂತಿ ಮೇಲೆ 'ನನ್ನಷ್ಟು ಸರಿಯಾದ ಗಡಿಯಾರ ಇನ್ನೊಂದಿಲ್ಲ' ಅಂತ ಯಾರು ಜಂಬ ಕೊಚ್ಕೋತಾರೋ ಅವರೇ ಯಜಮಾನ. ಟಿವಿ ಹಾಗಂತ ಕೂಗ್ತು, ಲೇಸರ್ ನಂಬಿಬಿಡ್ತು. ಟಿವಿ ಗಡಿಯಾರ ಮುಂದಿದೆ. ಲೇಸರ್ ಈಗ ನೋಡಿದ್ದಕ್ಕೆ ಆಮೇಲಿನ ಹೊತ್ತನ್ನ ಬರೀತಿದೆ. ಮಿದುಳು ಆ ಹೊತ್ತು ಬರೋವರೆಗೂ ಎತ್ತಿಟ್ಕೊಂಡು, ಆಮೇಲೆ 'ಅಯ್ಯೋ ಜನ' ಅಂತ ಬ್ರೇಕ್ ಹಾಕ್ತಿದೆ. ಇವು ಪ್ರೇತ ಅಲ್ಲ, ತಡವಾಗಿ ಬಂದ ಸುದ್ದಿ!"

"ನನ್ನ ಟಿವಿ ಬಗ್ಗೆ ಮಾತಾಡ್ಬೇಡಿ," ಎಂದು ಗ್ವೋಜ್ದೆನ್ ಗುರುಗುಟ್ಟಿದ.

ವೆಲಿಬೋರ್ ತಂತಿ ಕೀಳಲು ಕೈಚಾಚಿದ. ಮೇಯರ್ ಆ ಕೈಯನ್ನು ಹಿಡಿದುಕೊಂಡರು. ಅವರ ಕಣ್ಣು ಕಿಟಕಿಯಾಚೆ, ಇಡೀ ಊರಿನ ಹೆಂಗಸರ ಮೇಲಿತ್ತು.

"ಎಂಟು ವರ್ಷದಿಂದ ಭಾಷಣ ಮಾಡ್ತಿದೀನಪ್ಪಾ, ಇಷ್ಟು ಜನ ನನ್ನ ಹತ್ರ ಬಂದಿದ್ದೇ ಇಲ್ಲ. ಅದನ್ನ ಮುಟ್ಟಬೇಡ."

"ಸರ್, ಇವತ್ತು ಬಸ್ಸು ಇಲ್ಲದೋರನ್ನ ನೋಡ್ತಿದೆ. ನಾಳೆ ಮಂಜು ಬಿದ್ದು ಕ್ಯಾಮರಾ ಮಸುಕಾದ್ರೆ ಇರೋರನ್ನೇ ಕಾಣದೆ ಮೇಲೆ ಹರಿಯುತ್ತೆ! ಯಾರಾದ್ರೂ ನಿಜವಾಗ್ಲೂ ಸಾಯ್ತಾರೆ!"

ಮೇಯರ್ ಕೈ ಬಿಡಲಿಲ್ಲ. ಝಾಗೋರ್ಕಾ ತನ್ನ ಉಗುರು ನೋಡಿಕೊಂಡಳು. ವೆಲಿಬೋರನಿಗೆ ಹುಟ್ಟಿದಾಗಿನಿಂದ ಬಾರದ ಸಿಟ್ಟು ಬಂತು.

"ಸರಿ. ನಾನೇ ತೋರಿಸ್ತೀನಿ. ನಾನು ಬದುಕಿದೀನಿ ತಾನೇ? ಎಲ್ಲರೂ ದಾರಿ ಬಿಡಿ. ಟಿವಿ ಚೆನ್ನಾಗಿ ಕಾಣೋ ಕಡೆ ನಿಂತ್ಕೊಳ್ಳಿ. ನಾನೊಬ್ನೇ ರಸ್ತೆ ದಾಟಿ ಬರ್ತೀನಿ, ಆಮೇಲೆ ಏನು ಕಾಣುತ್ತೆ ನೋಡಿ. ತಿಹೋಮಿರ್, ಗುಂಡಿ ಒತ್ತಿ ಹಿಡಿ!"

ರಸ್ತೆ ತೆರವಾಯಿತು. ಹೆಂಗಸರು ಬಾಗಿಲಲ್ಲಿ, ಕಿಟಕಿಗಳಲ್ಲಿ ಜೋತುಬಿದ್ದರು. ವೆಲಿಬೋರ್ ಬಸ್ಸಿನ ಮುಂದೆ ನಡೆದ. ಬೇರೆ ಯಾರೋ ಎಂದು ಯಾರೂ ವಾದಿಸಬಾರದಲ್ಲ, ಅದಕ್ಕೇ ಎರಡು ಕೈಯನ್ನೂ ತಲೆಯ ಮೇಲೆತ್ತಿ ಗಾಳಿಯಂತ್ರದ ರೆಕ್ಕೆಯಂತೆ ಬೀಸುತ್ತ ನಡೆದ. ಆಚೆ ಬದಿ ಮುಟ್ಟಿ, ಬಸ್ಸಿನ ಹಿಂದಿನಿಂದ ಸುತ್ತಿ ಓಡಿಬಂದು, ಏದುಸಿರಿನಲ್ಲೇ ಒಳಗೆ ಹತ್ತಿದ.

ಸರಿಯಾಗಿ ಆಗಲೇ ಟಿವಿಯಲ್ಲಿ ಹಸಿರು ವೆಲಿಬೋರ್ ಮೂಡಿದ. ಖಾಲಿ ರಸ್ತೆಯಲ್ಲಿ, ತಲೆಯ ಮೇಲೆ ಕೈ ಬೀಸುತ್ತ, ಮೆಲ್ಲಗೆ ನಡೆದುಹೋದ.

"ನೋಡಿದ್ರಾ?" ಎಂದ ನಿಜವಾದ ವೆಲಿಬೋರ್, ಗೆದ್ದ ಮುಖದಲ್ಲಿ. "ನಾನು ಇಲ್ಲಿದೀನಿ. ಅದು ಅಲ್ಲಿದೆ. ಈಗಲಾದ್ರೂ ಅರ್ಥ ಆಯ್ತಾ?"

ಹೆಂಗಸರು ಒಬ್ಬೊಬ್ಬರೇ ಹಿಂದೆ ಸರಿದು ಅವನ ಸುತ್ತ ಜಾಗ ಬಿಟ್ಟರು. ದೆಸಾಂಕಾಳ ಕೈಯಿಂದ ಗೋಧಿಯ ಬಟ್ಟಲು ಜಾರಿತು.

"ಅಯ್ಯೋ ನನ್ನ ಮಗನೇ," ಎಂದಳು ಅವಳು. "ಹೊರಟೇಬಿಟ್ಯಾ!"

"ಏನು?"

"ಜೀವ ಮೊದಲೇ ಹೊರಗೆ ಹೋಗಿದೆ, ದೇಹಕ್ಕೆ ಇನ್ನೂ ಗೊತ್ತಾಗಿಲ್ಲ. ನಮ್ಮ ಕಣ್ಣೆದುರೇ ಕೈ ಬೀಸಿ ಹೋಗಿ ಬರ್ತೀನಿ ಅಂತು. ಇನ್ನೂ ಮಕ್ಕಳೂ ಆಗಿಲ್ಲವಲ್ಲೋ!"

ಅಳು ಎದ್ದಿತು. ವೆಲಿಬೋರ್ ಲೇಸರ್ ಎಂದ, ತಂತಿ ಎಂದ, ಗಡಿಯಾರ ಎಂದ. ಹಾಗೆಂದಷ್ಟೂ ಹೆಂಗಸರು, "ಪಾಪ, ಬಡಬಡಿಸ್ತಿದಾನೆ, ಹೊತ್ತು ಹತ್ತಿರ ಬಂತು," ಎಂದು ಇನ್ನೂ ಜೋರಾಗಿ ಅತ್ತರು. ತಾಳಲಾರದೆ ಅವನು ತಂತಿಯನ್ನು ಕಿತ್ತೇ ಕಿತ್ತ. ಟಿವಿ ಕಪ್ಪಾಯಿತು. ಲೇಸರ್ ಹಳೆಯ ಯಜಮಾನನ ಬಳಿಗೆ ಮರಳಿತು, ಗಡಿಯಾರಗಳೆಲ್ಲ ಒಂದಾದವು.

"ನೋಡಿ!" ಎಂದು ಕೂಗಿದಳು ಮಿಲೆವಾ. "ಅವನು ಮುಟ್ಟಿದ್ದೇ ತಡ, ಸತ್ತೋರೆಲ್ಲ ಮಾಯ! ಅವನನ್ನ ಕರ್ಕೊಂಡು ಹೋಗೋಕೇ ಬಂದಿದ್ರು!"

ಮೇಯರ್ ಎರಡು ಹೆಜ್ಜೆ ದೂರದಿಂದಲೇ ತಲೆಬಾಗಿ, "ನದಿ ಕಾಣೋ ಕಡೆ ಒಂದು ಒಳ್ಳೆ ಜಾಗ ಕೊಡಿಸ್ತೀನಿ, ಅದರ ಚಿಂತೆ ಬೇಡ," ಎಂದರು. ಝಾಗೋರ್ಕಾ ಅವನನ್ನು ಪಕ್ಕಕ್ಕೆ ಕರೆದಳು.

"ನೀನು ಹೇಳೋದು ನಂಗೆ ಪೂರ್ತಿ ಅರ್ಥ ಆಗುತ್ತೆ ವೆಲಿಬೋರ್. ನಾನು ಓದಿದೋಳು, ಇದೆಲ್ಲ ನಂಬಲ್ಲ. ಆದ್ರೂ ಸೋಮವಾರ ಬಂದು ನಿನ್ನ ಕೆಲಸ ಎಲ್ಲ ತಿಹೋಮಿರ್‌ಗೆ ಹೇಳ್ಕೊಟ್ಟುಬಿಡು. ಸುಮ್ನೆ, ಮುಂಜಾಗ್ರತೆಗೆ." ಒಂದು ಕ್ಷಣ ಯೋಚಿಸಿ, "ಸೋಮವಾರ ಯಾಕೆ, ನಾಳೆನೇ ಬಾ," ಎಂದಳು.

"ನಿನ್ನ ಕುರ್ಚಿ ಕಿಟಕಿ ಪಕ್ಕದ್ದಲ್ವಾ?" ಎಂದು ಕೇಳಿದ ತಿಹೋಮಿರ್, ಬಹಳ ದುಃಖದಿಂದ.

ಹೆಂಗಸರು ವೆಲಿಬೋರನನ್ನು ಕೆಳಗಿಳಿಸಿ ಸ್ಮಶಾನದ ಬೆಂಚಿನ ಮೇಲೆ ಕೂರಿಸಿದರು. ಬಾಗಿಲು ಮುಚ್ಚಿತು. ಬಸ್ಸು ಒಂದು ಕುಲುಕೂ ಇಲ್ಲದೆ, ನೀರ ಮೇಲೆ ಬಾತುಕೋಳಿ ಹೋದ ಹಾಗೆ, ನದಿಯ ಕಡೆಗೆ ತೇಲಿಹೋಯಿತು. ಅದು ಅಷ್ಟು ಚೆನ್ನಾಗಿ ಓಡಿದ್ದನ್ನು ಅವನೊಬ್ಬನನ್ನು ಬಿಟ್ಟು ಯಾರೂ ನೋಡಲಿಲ್ಲ.

ಹೆಂಡತಿಯ ಫೋನು ಬಂತು. ಸುದ್ದಿ ಅವಳನ್ನೂ ಮುಟ್ಟಿತ್ತು.

"ಬದುಕಿದೀಯಾ?"

"ಇದೀನಿ ಕಣೇ."

"ಎಷ್ಟು ಹೊತ್ತು ಇರ್ತೀಯಾ ಅಂತ ಸರಿಯಾಗಿ ಹೇಳು. ನಮ್ಮಮ್ಮ ನಿನ್ನ ಮಣ್ಣಿಗೆ ಅಂತ ಊರಿಂದ ಬಸ್ಸು ಹತ್ತಿಬಿಟ್ಟಿದಾಳೆ."

ವೆಲಿಬೋರ್ ತಲೆಯ ಮೇಲೆ ಕೈ ಹೊತ್ತ. ಯಾರೋ ಬ್ರಾಂದಿ ಬಗ್ಗಿಸಿದರು. ಸತ್ತವರ ಹೆಸರಿನಲ್ಲಿ ಮೊದಲ ಹನಿಗಳನ್ನು ನೆಲಕ್ಕೆ ಚೆಲ್ಲುವುದು ವಾಡಿಕೆ. ಅವನ ಬೂಟಿನ ಮೇಲೆಯೇ ಚೆಲ್ಲಿದರು. ಕತ್ತೆತ್ತಿ ನೋಡಿದರೆ, ಬೆಂಚಿನ ಮುಂದೆ ಹೆಂಗಸರ ಸಾಲು ಬೆಳೆದು ಗೇಟಿನಾಚೆ ತಿರುಗಿತ್ತು. ಒಬ್ಬಳ ಕೈಯಲ್ಲಿ ಸತ್ತ ಗಂಡನಿಗೆ ತಲುಪಿಸಲೆಂದು ಉಣ್ಣೆಯ ಕಾಲುಚೀಲ, ಇನ್ನೊಬ್ಬಳ ಕೈಯಲ್ಲಿ ಮೊಮ್ಮಗನ ಫೋಟೋ.

ಸಾಲಿನ ಮೊದಲಿಗೆ ದೆಸಾಂಕಾ ಇದ್ದಳು. ಮೂಗು ಒರೆಸಿಕೊಂಡು ಅವನ ಪಕ್ಕ ಕೂತು, ಕೈಯನ್ನು ತನ್ನ ಅಂಗೈಯೊಳಗೆ ಇಟ್ಟುಕೊಂಡಳು.

"ಮಗನೇ, ಅಲ್ಲಿ ನನ್ನ ರಾದಿವೋಯೆ ಸಿಗ್ತಾನೆ. ಅವನು ಮೊದಲು ಕೇಳೋದೇ ತಾನು ನುಡಿಸ್ತಿದ್ದ ಅಕಾರ್ಡಿಯನ್ ಬಗ್ಗೆ. ನಾನು ಅದನ್ನ ಮಾರಿಬಿಟ್ಟೆ ಅಂತ ಮಾತ್ರ ಹೇಳ್ಬೇಡ, ನೊಂದ್ಕೋತಾನೆ. ಇಲಿ ತಿಂದುಹಾಕ್ತು ಅನ್ನು. ಹೇಳ್ತೀಯಾ?"

ವೆಲಿಬೋರ್ ಸಾಲನ್ನು ನೋಡಿದ. ಮುದುಕಿಯ ಒದ್ದೆ ಕಣ್ಣುಗಳನ್ನು ನೋಡಿದ. ವಿವರಿಸುವ ಶಕ್ತಿ ಅವನಲ್ಲಿ ಇನ್ನುಳಿದಿರಲಿಲ್ಲ.

"ಹೇಳ್ತೀನಿ ಚಿಕ್ಕಮ್ಮ," ಎಂದ.