ಮಾವ ಬಿಟ್ಟುಬಂದ ಚಪ್ಪಲಿಗಳು

ಆ ಭಾನುವಾರ ಬಳ್ಳಾರಿಯ ಗಾಂಧಿನಗರದಿಂದ ಹೊರಟ ಕಾರಿನಲ್ಲಿ ನಾವು ಮೂವರು: ಮುಂದೆ ನನ್ನ ಸೋದರಮಾವ, ಹಿಂದೆ ಅತ್ತೆ, ಸ್ಟೀರಿಂಗ್ ಹಿಡಿದು ನಾನು. ಅತ್ತೆಯ ಮಡಿಲಲ್ಲಿ ರೊಟ್ಟಿಯ ಗಂಟು, ಪಕ್ಕದ ಕೈಚೀಲದಲ್ಲಿ ಮಾವನ ಒಂದು ಜೊತೆ ಹಳೆಯ ಚಪ್ಪಲಿ. ಚಪ್ಪಲಿ ಯಾಕೆ ಅಂತೀರಾ? ಬಳ್ಳಾರಿ ಸೀಮೆಯ ಯಾವುದಾದರೂ ಪುರಾತನ ಜಾಗದಲ್ಲಿ ವಾರಸುದಾರರಿಲ್ಲದ ಚಪ್ಪಲಿ ಕಂಡರೆ, ಅದು ನಮ್ಮ ಮಾವನದೇ ಎಂದು ಕಣ್ಣು ಮುಚ್ಚಿ ಹೇಳಬಹುದು!

ಹಳೆಯದು ಏನೇ ಇರಲಿ, ಮಾವ ಚಪ್ಪಲಿ ಬಿಟ್ಟೇ ಕಾಲಿಡುವವರು. ಬಳ್ಳಾರಿ ಕೋಟೆಯ ಬುಡದಲ್ಲಿ ಬಿಟ್ಟು, ಬೇಸಿಗೆಯಲ್ಲಿ ಕಾದ ಬಂಡೆಯ ಮೇಲೆ ಕುಣಿಯುತ್ತ ಏರಿದ್ದರು.

“ಅಜ್ಜಾರ, ಇದು ಕೋಟಿರಿ, ಗುಡಿ ಅಲ್ಲ,” ಎಂದ ಕಾವಲುಗಾರ.

“ಕಟ್ಟಿದವ್ರು ಬರಿಗಾಲಾಗ ಕಲ್ಲು ಹೊತ್ತಾರಪಾ. ನಾ ಮೆಟ್ಟು ಹಾಕ್ಕೊಂಡು ಏರ್ಲೇನು?”

ಭಕ್ತಿಗೇನೂ ಕೊರತೆಯಿಲ್ಲ, ಕೊರತೆಯಿರುವುದು ನೆನಪಿಗೆ. ಆದಿಮಾನವರು ಕಲ್ಲಿನ ಕೊಡಲಿ ಮಾಡುತ್ತಿದ್ದ ಸಂಗನಕಲ್ಲಿನ ಗುಡ್ಡವನ್ನು ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆ ಇಳಿದರು. ಚಪ್ಪಲಿ ಇವತ್ತಿಗೂ ಅಲ್ಲೇ ಇದೆ. ಮುಂದೆ ಅಗೆಯುವವರು ಗೊಂದಲಕ್ಕೆ ಬೀಳದಿದ್ದರೆ ಸಾಕು. ಕುರುಗೋಡಿನ ದೊಡ್ಡ ಬಸವಣ್ಣನ ಗುಡಿಯಿಂದ ಮಾತ್ರ ಎರಡೂ ಕಾಲಿಗೆ ಚಪ್ಪಲಿ ಹಾಕಿಕೊಂಡೇ ಬಂದರು. ಒಂದು ತಮ್ಮದು, ಇನ್ನೊಂದು ಯಾರದೋ.

ಈ ಸಲದ ಪ್ರಯಾಣ ಅತ್ತೆಯದು. ಸಿರುಗುಪ್ಪದ ಆಚೆಯ ಎರೆ ಬಯಲಿನಲ್ಲಿ, ಈಗ ಕಾಣುವುದೇ ಅಪರೂಪವಾದ, ಬಿಳಿ ಕುತ್ತಿಗೆಯ, ಸೊಂಟದೆತ್ತರದ ಎರ್ಲಡ್ಡು ಹಕ್ಕಿಯನ್ನು ಅವರು ಚಿಕ್ಕಂದಿನಲ್ಲಿ ಅಪ್ಪನ ಜೊತೆ ಕಂಡಿದ್ದರು. ಮದುವೆಯಾದಂದಿನಿಂದ ಮಾವ ಅದನ್ನು ನಂಬಿಲ್ಲ. “ಯಾವುದೋ ಹೆಣ್ಣು ನವಿಲು ನೋಡಿರ್ತಿ,” ಎಂಬುದು ಅವರ ತೀರ್ಪು. ಈಗ ಅತ್ತೆಯ ಕಣ್ಣು ಮಂಜಾಗುತ್ತ ಬಂದಿದೆ, ಡಾಕ್ಟರೂ ಭರವಸೆ ಕೊಟ್ಟಿಲ್ಲ.

“ಪೂರಾ ಹೋಗೂದರಾಗ ಒಮ್ಮಿ ಕರ್ಕೊಂಡು ಹೋಗ್ರಿ. ನನ್ನ ಮಾತು ಸುಳ್ಳಲ್ಲಂತ ನೀವು ನೋಡ್ಬೇಕು,” ಎಂದಿದ್ದರು.

ಬಯಲಿನ ಅಂಚಿನಲ್ಲಿ ಕಾರು ನಿಲ್ಲಿಸಿದೆ. ಮಾವ ಮೊದಲ ಸಲ ಚಪ್ಪಲಿ ಹಾಕಿಕೊಂಡೇ ನಡೆದರು.

“ಇಲ್ಲಿ ಬಿಡಂಗಿಲ್ಲೇನ್ರಿ?” ಅತ್ತೆ ಕೇಳಿದರು.

“ಬಿಡಾಕ ಇಲ್ಲೇನೈತಿ? ಹುಲ್ಲು, ಜಾಲಿಮುಳ್ಳು.”

ಅತ್ತೆ ರೊಟ್ಟಿಯ ಗಂಟು ಬಿಚ್ಚಿದರು.

ರೊಟ್ಟಿ ಮುಗಿಯಿತು, ಶೇಂಗಾ ಚಟ್ನಿಯೂ ಮುಗಿಯಿತು. ಎರಡು ಕೃಷ್ಣಮೃಗಗಳು ಬಂದು, ನಮ್ಮನ್ನು ನೋಡಿ, ನೋಡುವಂಥದ್ದೇನಿಲ್ಲ ಎಂಬಂತೆ ಹೋದವು. ಬಹಳ ಹೊತ್ತಿನ ಮೇಲೆ ಅತ್ತೆ ಎದ್ದು ಮಾವನ ತೋಳು ಹಿಡಿದರು.

“ಅಲ್ನೋಡ್ರಿ. ಕುತ್ತಿಗಿ ಬೆಳ್ಳಗೈತಿ. ಮೆಲ್ಲಕ ಮಾತಾಡ್ರಿ, ಹಾರಿ ಹೋಗ್ತೈತಿ.”

ಅಲ್ಲಿದ್ದದ್ದು ಯಾರೋ ಕುರಿಗಾಹಿ ಕೋಲಿಗೆ ಹಾಕಿಹೋದ ಕಂಬಳಿ, ಅದರ ಮೇಲೊಂದು ಬಿಳಿ ರುಮಾಲು. ಇಷ್ಟು ವರ್ಷದ ವಾದ ಗೆಲ್ಲಲು ಮಾವನಿಗೆ ಒಂದೇ ಮಾತು ಸಾಕಿತ್ತು. ಗೆಲ್ಲುವ ಅವಕಾಶವನ್ನು ಅವರು ಬಿಟ್ಟದ್ದನ್ನು ನಾನಂತೂ ಕಂಡಿಲ್ಲ.

ಮಾವ ಕಂಬಳಿಯನ್ನು ನೋಡಿದರು. ಅತ್ತೆಯ ಮುಖ ನೋಡಿದರು.

“ಹೂಂ. ಏನ್ ಎತ್ತರ ಐತಿ ಲೇ,” ಎಂದರು ಮೆಲ್ಲಗೆ. ಆಮೇಲೆ ಬಾಗಿ ಚಪ್ಪಲಿ ಬಿಟ್ಟು, ಮುಳ್ಳಿನಲ್ಲಿ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತರು.

ವಾಪಸು ಬರುವಾಗ ಕುರುಗೋಡಿನ ಹತ್ತಿರ ಚಹಾಕ್ಕೆ ಇಳಿದೆವು. ಮಾವನ ಹೆಜ್ಜೆಯಲ್ಲಿ ಚಪ್ಪಲಿಯ ಸಪ್ಪಳ ಇರಲಿಲ್ಲ. ಅತ್ತೆ ಕೈಚೀಲದಿಂದ ಹಳೆಯ ಜೋಡು ತೆಗೆದು, ತಡಕುತ್ತ ಅವರ ಕಾಲ ಬಳಿ ಇಟ್ಟರು.